ಅನಾನಸ್ ತಿಂದ್ರೆ ಗಂಟಲು ಉರಿಯೋದು ಯಾಕೆ? ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಶಿರಸಿ: ಬನವಾಸಿ ಕಡೆಯ ಅನಾನಸ್ ಮಾರುಕಟ್ಟೆಗೆ ಬಂತೆಂದರೆ ಮನೆಮನೆಯಲ್ಲೂ ಒಂದೇ ದೂರು. ನಾಲ್ಕು ಹೋಳು ತಿನ್ನುವಷ್ಟರಲ್ಲಿ ನಾಲಿಗೆ ಚುರುಚುರು, ಗಂಟಲು ಕೆರೆತ. ‘ಹಣ್ಣು ಶೀತ, ಅದಕ್ಕೇ ಗಂಟಲು ಹಿಡೀತು’ ಅಂತ ಹಿರಿಯರು ಹೇಳ್ತಾರೆ. ಆದರೆ ತಿಂದ ಕೆಲವೇ ನಿಮಿಷಕ್ಕೆ ಶುರುವಾಗುವ ಈ ಉರಿಗೂ ನೆಗಡಿಗೂ ಸಂಬಂಧ ಇಲ್ಲ.

ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಪ್ರೋಟೀನ್ ಒಡೆಯುವುದೇ ಅದರ ಕೆಲಸ. ಬಾಯೊಳಗಿನ ತೆಳು ಪೊರೆಯನ್ನೂ ಅದು ಬಿಡುವುದಿಲ್ಲ. ಜೊತೆಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಸಣ್ಣ ಹರಳುಗಳೂ ಚುಚ್ಚುತ್ತವೆ. ಸರಿಯಾಗಿ ಬೇಯದ ಕೆಸುವಿನ ಎಲೆ ಗಂಟಲು ತುರಿಸುವುದೂ ಇಂಥ ಹರಳಿನಿಂದಲೇ. ಪತ್ರೊಡೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇಯಿಸಿದರೆ ಬ್ರೊಮೆಲೈನ್ ಶಕ್ತಿ ಕಳೆದುಕೊಳ್ಳುತ್ತೆ. ಹಾಗಾಗಿಯೇ ಅನಾನಸ್ ಗೊಜ್ಜು ಎರಡೆರಡು ಸಲ ಬಡಿಸಿಕೊಂಡರೂ ನಾಲಿಗೆ ಉರಿಯಲ್ಲ. ಹಸಿ ಹಣ್ಣೇ ಬೇಕು ಅನ್ನುವವರು ಚೆನ್ನಾಗಿ ಮಾಗಿದ್ದನ್ನು ಆರಿಸಿ, ನಡುವಿನ ಗಟ್ಟಿ ದಿಂಡು ತೆಗೆದು, ಸ್ವಲ್ಪವೇ ತಿನ್ನಲಿ. ಉರಿ ಬಂದರೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಂಟಲು ಗಳಗಳ ಮಾಡಿದರೆ ಸಾಕು. ಸಾಮಾನ್ಯವಾಗಿ ಅದೇ ದಿನ ಕಡಿಮೆಯಾಗುತ್ತೆ. ಇದಕ್ಕೆ ಆ್ಯಂಟಿಬಯಾಟಿಕ್ ಮಾತ್ರೆ ನುಂಗುವುದು ದಂಡ.

ಮಾವಿನ ವಿಷಯ ಬೇರೆ. ತೊಟ್ಟಿನ ಸೊನೆ ತಾಗಿದರೆ ತುಟಿ, ಬಾಯಿ ಸುಡುತ್ತೆ. ತೊಟ್ಟಿನ ಭಾಗ ಕೊಯ್ದು, ತೊಳೆದು, ಸಿಪ್ಪೆ ತೆಗೆದು ತಿನ್ನಬೇಕು. ಕಾರ್ಬೈಡ್ ಹಾಕಿ ಹಣ್ಣು ಮಾಡಿದ್ದರೂ ಗಂಟಲು ಉರಿಯಬಹುದು. ಕಾನೂನಿನಲ್ಲಿ ಅದಕ್ಕೆ ನಿಷೇಧವಿದೆ, ಎಥಿಲೀನ್ ಅನಿಲಕ್ಕೆ ಮಾತ್ರ ಅನುಮತಿ.

ನಿಜವಾಗಿ ಹೆದರಬೇಕಾದ್ದು ಅಲರ್ಜಿಗೆ. ಬಾಳೆ, ಕಿವಿ, ಪಪ್ಪಾಯಿ ಹೀಗೆ ಯಾವುದೋ ಒಂದು ಹಣ್ಣು ತಿಂದಾಗಲೆಲ್ಲ ತುಟಿ, ಗಂಟಲು ತುರಿಸಿದರೆ ಅದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ರಬ್ಬರ್ ಕೈಗವಸು, ಬಲೂನ್ ಮುಟ್ಟಿದರೆ ತುರಿಕೆ ಬರುವವರಿಗೆ ಈ ಹಣ್ಣುಗಳು ಆಗದಿರುವುದುಂಟು. ‘ತಿಂತಾ ತಿಂತಾ ಅಭ್ಯಾಸ ಆಗುತ್ತೆ’ ಅಂತ ಮಕ್ಕಳಿಗೆ ಒತ್ತಾಯ ಮಾಡಬಾರದು.

ನಾಲಿಗೆ, ಮುಖ ಊದಿದರೆ, ಧ್ವನಿ ಬದಲಾದರೆ, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಅಥವಾ ತಲೆ ಸುತ್ತಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂರುವಂತಿಲ್ಲ. ಆಗ ಬೇಕಾದ್ದು ಅಡ್ರಿನಾಲಿನ್ ಇಂಜೆಕ್ಷನ್. ತಕ್ಷಣ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ.

ಜ್ವರ ಬಂದು, ನುಂಗಲೂ ಆಗದೆ ಗಂಟಲು ನೋವು ಎರಡು ಮೂರು ದಿನ ಉಳಿದರೆ ಅದು ಬಹುತೇಕ ಸೋಂಕು. ಅದರಲ್ಲಿ ಹಣ್ಣಿನ ತಪ್ಪಿಲ್ಲ, ವೈದ್ಯರು ನೋಡಬೇಕು ಅಷ್ಟೆ.