ಹಾಲಿನ ನಾತಕ್ಕೆ ಸೋಡಾ, ಮೀನಿನ ನಾತಕ್ಕೆ ಹುಳಿ

ಡಿಕ್ಕಿಯಲ್ಲಿಟ್ಟ ಹಾಲಿನ ಪ್ಯಾಕೆಟ್ ಒಡೆದು ಮ್ಯಾಟಿನ ಅಡಿಗೆ ಇಳಿದರೆ ಮೊದಲ ದಿನ ಗೊತ್ತಾಗುವುದೇ ಇಲ್ಲ. ಮರುದಿನ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದಾಗ ನಾತ ಮುಖಕ್ಕೇ ರಾಚುತ್ತದೆ. ಆಗ ಹೆಚ್ಚಿನವರು ಡ್ಯಾಶ್‌ಬೋರ್ಡಿನ ಮೇಲೊಂದು ಸೆಂಟಿನ ಬಾಟಲಿ ಇಟ್ಟು ಸುಮ್ಮನಾಗುತ್ತಾರೆ. ಮಲ್ಲಿಗೆಯ ಪರಿಮಳ ಬಂದಿತೆಂದು ಹಾಲಿನ ನಾತವೇನೂ ಹೋಗುವುದಿಲ್ಲ. ಎರಡೂ ಒಟ್ಟಿಗೇ ಮೂಗಿಗೆ ಬರುತ್ತವೆ.

ವಾಸನೆಯೆಂದರೆ ಗಾಳಿಯಲ್ಲಿ ಹಾರಿ ಬಂದು ಮೂಗಿನ ಒಳಪದರಕ್ಕೆ ತಾಗುವ ಅಣುಗಳು. ಹಾರದ ಅಣುವಿಗೆ ವಾಸನೆಯೂ ಇಲ್ಲ. ಬಿಸಿ ಹೆಚ್ಚಿದಷ್ಟೂ ಅವು ಹೆಚ್ಚು ಹಾರುತ್ತವೆ. ಮುಂಜಾನೆ ಸುಮಾರಾಗಿದ್ದ ಕಾರು ಏಪ್ರಿಲ್ ಮಧ್ಯಾಹ್ನ ತಡೆಯಲಾರದಷ್ಟು ನಾರುವುದು ಇದಕ್ಕೇ. ಹಾಗಾಗಿ ಉಪಾಯ ಎರಡೇ: ಮೂಲವನ್ನು ತೆಗೆಯಬೇಕು, ಇಲ್ಲವೇ ಆ ಅಣುವನ್ನು ಹಾರದಂತೆ ಕಟ್ಟಿಹಾಕಬೇಕು.

ಒಡೆದ ಹಾಲಿನಲ್ಲಿ ನಾರುವ ವಸ್ತುಗಳ ಪೈಕಿ ಮುಖ್ಯವಾದದ್ದು ಬ್ಯುಟಿರಿಕ್ ಆಮ್ಲ. ಹಾಲಿನ ಕೊಬ್ಬನ್ನು ಬ್ಯಾಕ್ಟೀರಿಯಾದ ಕಿಣ್ವಗಳು ಸೀಳಿದಾಗ ಅದು ಬಿಡುಗಡೆಯಾಗುತ್ತದೆ. ಹಳಸಿದ ಬೆಣ್ಣೆಯ ಕಮಟೂ ಇದರದೇ. ಇದು ಆಮ್ಲವಾದ್ದರಿಂದ ಅಡುಗೆ ಸೋಡಾ ಇದಕ್ಕೆ ತಕ್ಕ ಮದ್ದು. ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್, ಸೌಮ್ಯ ಕ್ಷಾರ. ಎರಡೂ ಕೂಡಿದರೆ ಸೋಡಿಯಂ ಬ್ಯುಟಿರೇಟ್ ಎಂಬ ಲವಣವಾಗುತ್ತದೆ. ಲವಣ ಹಾರುವುದಿಲ್ಲ, ನಾತ ನಿಲ್ಲುತ್ತದೆ. ಆದರೆ ಮ್ಯಾಟಿನ ಮೇಲೆ ಒಣ ಪುಡಿ ಉದುರಿಸಿ ಬೆಳಿಗ್ಗೆ ಗುಡಿಸಿದರೆ ಸಾಲದು. ಹಾಲು ಇಳಿದಿರುವುದು ಕೆಳಗಿನ ಸ್ಪಂಜಿಗೆ. ಮೊದಲು ತಣ್ಣೀರು ಹಾಕಿ ಒಣಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಬೇಕು. ಉಜ್ಜಿದರೆ ಹಾಲು ಇನ್ನೂ ಒಳಕ್ಕೆ ಹೋಗುತ್ತದೆ. ಆಮೇಲೆ ನೀರಿನಲ್ಲಿ ಕದಡಿದ ಸೋಡಾವನ್ನು ಸ್ಪಂಜಿನೊಳಕ್ಕೆ ಇಳಿಯುವಷ್ಟು ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹೀರಿಸಬೇಕು. ಕೊನೆಗೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಪೂರ್ತಿ ಒಣಗಿಸಬೇಕು. ಒಣಗಿಸುವುದೇ ಅರ್ಧ ಕೆಲಸ. ತೇವ ಉಳಿದರೆ ಬ್ಯಾಕ್ಟೀರಿಯಾ ಮತ್ತೆ ಶುರು ಹಚ್ಚಿಕೊಳ್ಳುತ್ತವೆ.

ಇದೇ ಸೋಡಾವನ್ನು ಮೀನಿನ ನಾತಕ್ಕೆ ಹಾಕಿದರೆ ಕೆಲಸ ಕೆಡುತ್ತದೆ. ಮಲ್ಪೆಯಿಂದ ಬಂಗುಡೆ ತರುವಾಗ ಚೀಲದಿಂದ ಮಂಜುಗಡ್ಡೆಯ ನೀರು ಸೋರಿತೆನ್ನಿ. ಅದರಲ್ಲಿ ನಾರುವುದು ಟ್ರೈಮೀಥೈಲ್ ಅಮೀನ್. ಕಡಲ ಮೀನಿನ ದೇಹದಲ್ಲಿ ಸಹಜವಾಗಿಯೇ ಇರುವ, ವಾಸನೆಯಿಲ್ಲದ ಒಂದು ವಸ್ತುವನ್ನು ಬ್ಯಾಕ್ಟೀರಿಯಾ ಮುರಿದಾಗ ಇದು ಹುಟ್ಟುತ್ತದೆ. ಇದು ಕ್ಷಾರ. ಕ್ಷಾರಕ್ಕೆ ಇನ್ನೊಂದು ಕ್ಷಾರ ಸುರಿದರೆ ಅಮೀನ್ ಇನ್ನಷ್ಟು ಸಲೀಸಾಗಿ ಗಾಳಿಗೆ ಏಳುತ್ತದೆ. ಇದಕ್ಕೆ ಬೇಕಾದದ್ದು ಹುಳಿ. ಕರಾವಳಿಯ ಅಡುಗೆಯವರು ಮೀನಿಗೆ ನಿಂಬೆರಸ ಹಚ್ಚಿಡುವಾಗ, ಸಾರಿಗೆ ಹುಣಸೆ ಹಿಂಡುವಾಗ ಇದೇ ರಸಾಯನ ನಡೆಯುತ್ತಿರುತ್ತದೆ: ಆಮ್ಲ ತಾಗಿದ ಅಮೀನ್ ಲವಣವಾಗಿ ಅಲ್ಲೇ ಕೂರುತ್ತದೆ. ಕಾರಿನ ಬಟ್ಟೆಗೆ ಮಾತ್ರ ನಿಂಬೆಗಿಂತ ಬಿಳಿ ವಿನೆಗರ್ ಮೇಲು. ನಿಂಬೆರಸದ ಅಂಟು ಬಟ್ಟೆಯಲ್ಲೇ ಉಳಿಯುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿದರೆ, ಅದರ ಘಾಟು ಒಣಗುವಷ್ಟರಲ್ಲಿ ತಾನೇ ಹಾರಿಹೋಗುತ್ತದೆ.

ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಒಳ್ಳೆಯದೆಂದು ನಂಬಿದವರು ಬಹಳ. ನೊರೆ ಉಕ್ಕುವುದು ನಿಜ. ಅದು ಸೋಡಾ ಮತ್ತು ವಿನೆಗರ್ ಒಂದನ್ನೊಂದು ತಿಂದುಹಾಕುತ್ತಿರುವ ಗುರುತು. ನಾತದ ಮೇಲೆ ಕೆಲಸ ಮಾಡಲು ಆಮೇಲೆ ಎರಡೂ ಉಳಿದಿರುವುದಿಲ್ಲ. ವಿನೆಗರ್ ಜೊತೆ ಬ್ಲೀಚ್ ಅಂತೂ ಸೇರಿಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ನಾತದ ಮೂಲ ತಿಳಿಯದಿದ್ದಾಗ ಇದ್ದಿಲು ನೆರವಾಗುತ್ತದೆ. ಅದು ಆಮ್ಲ, ಕ್ಷಾರ ಎಂದು ನೋಡುವುದಿಲ್ಲ. ಅಣುಗಳು ಅದರ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಇದ್ದಿಲಿನ ಒಂದೇ ಗ್ರಾಮಿನಲ್ಲಿ 500 ಚದರ ಮೀಟರಿಗೂ ಮೀರಿದ ಮೇಲ್ಮೈ ಇರುತ್ತದೆ. ಒಲೆಯ ಇದ್ದಿಲಿಗೆ ಅಷ್ಟು ಶಕ್ತಿಯಿಲ್ಲ, ಆದರೂ ತೆಳುಬಟ್ಟೆಯಲ್ಲಿ ಕಟ್ಟಿ ಸೀಟಿನಡಿ ಇಡಬಹುದು. ಪೂರ್ತಿ ಆರಿ ತಣ್ಣಗಾದ ಇದ್ದಿಲೇ ಆಗಬೇಕು. ಕಿಡಿಯಿದ್ದರೆ ಮುಚ್ಚಿದ ಕಾರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಸಂಚಕಾರ.

ಡಾಂಬರು ಗುಳಿಗೆಯನ್ನು ಕಾರಿನಲ್ಲಿಡುವ ರೂಢಿ ನನಗೆ ನಿಜಕ್ಕೂ ಆತಂಕ ತರುತ್ತದೆ. ಅದರಲ್ಲಿರುವ ನ್ಯಾಫ್ತಲೀನ್ ಬಿಸಿಗೆ ನೇರವಾಗಿ ಆವಿಯಾಗುತ್ತದೆ. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಆ ಆವಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಕೊರತೆಯಿದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಎ.ಸಿ. ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಸೀಟು ತೊಳೆದು ಪ್ರಯೋಜನವಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ನೀರು ಹನಿಗಟ್ಟುತ್ತದೆ, ಎ.ಸಿ. ಆರಿಸಿ ಹೊರಟ ಮೇಲೆ ಆ ಒದ್ದೆ, ಕತ್ತಲೆ, ಧೂಳಿನ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ. ಊರು ಸೇರಲು ಕೆಲವೇ ನಿಮಿಷವಿದ್ದಾಗ ಎ.ಸಿ. ಆರಿಸಿ ಬ್ಲೋವರ್ ಮಾತ್ರ ಓಡಲು ಬಿಟ್ಟರೆ ಕಾಯಿಲ್ ಒಣಗುತ್ತದೆ. ಕ್ಯಾಬಿನ್ ಫಿಲ್ಟರ್ ಇರುವ ಕಾರಾದರೆ ಅದನ್ನೂ ನೋಡಿ. ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಎ.ಸಿ. ಓಡುವಾಗ ಕಾರಿನಡಿ ನೀರು ತೊಟ್ಟಿಕ್ಕದೆ, ಮುಂದಿನ ಸೀಟಿನ ಕಾಲಡಿಯ ಮ್ಯಾಟು ಒದ್ದೆಯಾಗಿದ್ದರೆ ನೀರು ಹೋಗುವ ಕೊಳವೆ ಕಟ್ಟಿಕೊಂಡಿರಬಹುದು.

ಪೆಟ್ರೋಲಿನ ವಾಸನೆ, ವೈರು ಸುಟ್ಟ ವಾಸನೆ, ಕೂಲಂಟ್ ಸೋರಿದಾಗ ಬರುವ ಸಿಹಿಸಿಹಿ ವಾಸನೆ ಇವಕ್ಕೆ ಅಡುಗೆಮನೆಯಲ್ಲಿ ಮದ್ದು ಹುಡುಕಬಾರದು. ಕಾರು ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಬೇಕು.