‘ಮಾರಾಯ’ ಶಬ್ದವಿಚಾರ

ಆಡುನುಡಿಯಲ್ಲಿ ಮಾತುಮಾತಿಗೂ ಮರಳಿ ಬರುವ ಶಬ್ದಗಳನ್ನು ಅರ್ಥವಿಲ್ಲದ ಪಾದಪೂರಣಗಳೆಂದು ಎಣಿಸಿ ವಿದ್ಯಾರ್ಥಿಗಳ ಬರಹದಿಂದ ತೆಗೆದುಹಾಕುವುದು ಉಪಾಧ್ಯಾಯರಲ್ಲಿ ವಾಡಿಕೆಯಾಗಿರುವುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಕಡೆಯಲ್ಲಿ ಇಂತಹ ಶಬ್ದಗಳೊಳಗೆ ಪ್ರಸಿದ್ಧವಾದುದು ‘ಮಾರಾಯ’ ಎಂಬುದು. ಘಟ್ಟದ ಕೆಳಗೆ ಸೋಮೇಶ್ವರ, ಹೆಬ್ರಿಗಳ ಕಡೆಯೂ ಇದು ಬಳಕೆಯಲ್ಲಿದೆ, ತುಳುವಿನಲ್ಲಿಯೂ ಉಂಟು. 1956ರ ವರೆಗೆ ಈ ಘಟ್ಟವು ಮೈಸೂರಿಗೂ, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಗಡಿಯಾಗಿದ್ದಿತು. ಶಬ್ದಕ್ಕೆ ಅದು ತಡೆಯಾಗಲಿಲ್ಲ.

ಇದರ ಮೂಲವು ‘ಮಹಾರಾಯ’, ಅಂದರೆ ದೊಡ್ಡ ಅರಸು. ‘ಮಹಾದೇವ’ನು ಜನರ ಬಾಯಲ್ಲಿ ‘ಮಾದೇವ’ನಾದಂತೆ ಇಲ್ಲಿಯೂ ಹಕಾರವು ಲೋಪಹೊಂದಿ ಸ್ವರಗಳು ಕೂಡಿಕೊಂಡಿವೆ. ಅರಸನಿಗೆ ಸಲ್ಲುತ್ತಿದ್ದ ಹೆಸರು ನೆರೆಯವನಿಗೆ ಸಂದುದು ಆಶ್ಚರ್ಯವಲ್ಲ. ಒಡೆಯನೆಂಬರ್ಥದ ‘ಸ್ವಾಮಿ’ಯೂ, ‘ಹಿರಿಯ’ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ‘ಸರ್’ ಎಂಬುದೂ ಹೀಗೆಯೇ ಸವೆದಿವೆ.

ಹಾಗಾದರೆ ಈ ಶಬ್ದವು ಬರಿಯ ದನಿಯಾಗಿ ಉಳಿದಿದೆಯೇ? ಅದರ ರೂಪಗಳನ್ನು ಪರಿಶೀಲಿಸಿದರೆ ಹಾಗೆ ತೋರುವುದಿಲ್ಲ. ಗಂಡಸಿಗೆ ‘ಮಾರಾಯ’, ಹೆಂಗಸಿಗೆ ‘ಮಾರಾಯ್ತಿ’, ಗೌರವಕ್ಕೆ ತಕ್ಕವರಿಗೆ ‘ಮಾರಾಯ್ರೆ’. ಕೇವಲ ಅವ್ಯಯವಾಗಿದ್ದರೆ ಲಿಂಗವಚನಗಳ ಭೇದವು ಇರುತ್ತಿರಲಿಲ್ಲ. ಎದುರಿಗಿರುವವರು ಯಾರು, ಅವರಲ್ಲಿ ಸಲಿಗೆಯೆಷ್ಟು ಎಂಬುದನ್ನು ನಿಶ್ಚಯಿಸದೆ ಈ ಮಾತನ್ನು ಆಡುವಂತಿಲ್ಲ. ‘ಬಾ ಮಾರಾಯ’ ಎಂಬಲ್ಲಿ ಒತ್ತಾಯ, ‘ಸಾಕು ಮಾರಾಯ’ ಎಂಬಲ್ಲಿ ಬೇಸರ, ‘ಎಂಥಾ ಮಳೆ ಮಾರಾಯ’ ಎಂಬಲ್ಲಿ ಬೆರಗು. ‘ಆ ಮಾರಾಯ ಇನ್ನೂ ಬರಲಿಲ್ಲ’ ಎಂದಾಗ ಅದು ಸಂಬೋಧನೆಯೇ ಅಲ್ಲ, ಕರ್ತೃಪದ. ಕಾಯಿಸುವವನನ್ನು ಅರಸನೆಂದು ಹಂಗಿಸುವ ಈ ವ್ಯಂಗ್ಯದಲ್ಲಿ ಹಳೆಯ ಅರ್ಥವು ಮತ್ತೆ ತಲೆಯೆತ್ತುತ್ತದೆ.

ಅತಿಬಳಕೆಯಿಂದ ಹಾನಿಯಿಲ್ಲವೆಂದಲ್ಲ. ವಾಕ್ಯಕ್ಕೊಮ್ಮೆ ಬಂದರೆ ಬೆರಗು ಬೇಸರಗಳ ಭೇದವು ಮರೆಯಾಗಿ ಅದು ನಿಜವಾಗಿಯೂ ಪಾದಪೂರಣವೇ ಆಗುವುದು. ಆದರೆ ಸಾಹಿತ್ಯಪಾಠದ ಸಂಗತಿ ಬೇರೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಎಂಬ ಕಾದಂಬರಿಗಳು ಮಲೆನಾಡಿನ ಆಡುನುಡಿಯನ್ನು ಗ್ರಂಥಸ್ಥ ಸಂಭಾಷಣೆಗೆ ತಂದುವು. ಅಂತಹ ಸಂಭಾಷಣೆಯಲ್ಲಿ ಈ ಬಗೆಯ ಶಬ್ದಗಳನ್ನು ಬಿಟ್ಟು ಓದಿದರೆ ವಾಕ್ಯಾರ್ಥವು ಉಳಿದೀತು. ಮಾತಾಡುವವರ ನಂಟು ಅಳಿದುಹೋಗುವುದು. ಆದುದರಿಂದ ವಿದ್ಯಾರ್ಥಿಯ ಪ್ರಬಂಧದಲ್ಲಿ ‘ಮಾರಾಯ’ ಎಂಬುದನ್ನು ಕಂಡ ಉಪಾಧ್ಯಾಯರು, ಅದನ್ನು ಹೊಡೆದುಹಾಕುವ ಮುನ್ನ, ಅದು ಯಾರಿಗೆ, ಯಾವ ಭಾವದಿಂದ ಆಡಿದ ಮಾತೆಂದು ಕೇಳುವುದು ಯುಕ್ತವು.