ಆಕಳಿಕೆ ನಿಲ್ತಾನೇ ಇಲ್ವಾ? ಮೊದಲು ನಿದ್ದೆಯ ಲೆಕ್ಕ ನೋಡಿ

ಈ ಎಪಿಸೋಡ್ ಕೇಳ್ತಾ ನಿಮಗೆ ಎರಡು ಸಲ ಆಕಳಿಕೆ ಬಂದ್ರೆ ನನಗೇನೂ ಬೇಜಾರಿಲ್ಲ. ಆಕಳಿಕೆ ಬಗ್ಗೆ ಕೇಳಿದ್ರೂ ಆಕಳಿಕೆ ಬರುತ್ತೆ.

ಫೋನಲ್ಲಿ ‘ಆಕಳಿಕೆ ಜಾಸ್ತಿ ಬರ್ತಿದೆ, ಯಾಕೆ’ ಅಂತ ಹುಡುಕಿ ನೋಡಿ. ನಿದ್ದೆಗೇಡಿನಿಂದ ಹಿಡಿದು ಮೆದುಳಿನ ಗೆಡ್ಡೆವರೆಗೂ ಎಲ್ಲಾ ಒಂದೇ ಪಟ್ಟಿಯಲ್ಲಿ ಬರುತ್ತೆ. ಯಾವುದು ಸಾಮಾನ್ಯ, ಯಾವುದು ಅಪರೂಪ ಅಂತ ಆ ಪಟ್ಟಿ ಹೇಳಲ್ಲ. ನಾನು ಕಾಮರ್ಸ್ ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಲೆಕ್ಕ ನೋಡುವಾಗ ದೊಡ್ಡ ಬಾಬ್ತು ಮೊದಲು ನೋಡ್ಬೇಕು ಅನ್ನೋದು ಗೊತ್ತು. ಇಲ್ಲಿ ದೊಡ್ಡ ಬಾಬ್ತು ನಿದ್ದೆ.

ಆಕ್ಸಿಜನ್ ಕಮ್ಮಿಯಾದ್ರೆ ಆಕಳಿಕೆ ಬರುತ್ತೆ ಅಂತ ತುಂಬಾ ಜನ ನಂಬಿದ್ದಾರೆ. 1987ರಲ್ಲಿ ಅಮೆರಿಕದ ರಾಬರ್ಟ್ ಪ್ರೊವೈನ್ ಮತ್ತು ಜೊತೆಗಾರರು ಜನರಿಗೆ ಶುದ್ಧ ಆಕ್ಸಿಜನ್ ಉಸಿರಾಡಿಸಿ ನೋಡಿದ್ರು. ಆಕಳಿಕೆ ಕಮ್ಮಿ ಆಗ್ಲಿಲ್ಲ.

ಗುಂಡ್ಲುಪೇಟೆ ಕಡೆ ಗಾಡಿ ಓಡಿಸೋರಿಗೆ ಇದು ಜೀವದ ಪ್ರಶ್ನೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇದೆ. ಕೇರಳಕ್ಕೆ ತರಕಾರಿ ಒಯ್ಯೋ ಲಾರಿ 9ರೊಳಗೆ ಕಾಡು ದಾಟ್ಬೇಕು, ಇಲ್ಲಾಂದ್ರೆ 6ರವರೆಗೆ ಕಾಯ್ಬೇಕು. ಸೀಟಲ್ಲೇ ಅರೆಬರೆ ನಿದ್ದೆ ಮಾಡಿ ಹೊರಟವರಿಗೆ ಮುಂದೆ ತಾಮರಶ್ಶೇರಿ ಘಾಟಿ ಇಳಿಯೋದಿದೆ. ಆಗ ಬರೋ ಆಕಳಿಕೆ ಎಚ್ಚರಿಕೆ ಗಂಟೆ. ಕಿಟಕಿ ತೆಗೆಯೋದು, ಹಾಡು ಜೋರು ಮಾಡೋದು ಸಾಕಾಗಲ್ಲ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಟೀ ಕುಡಿದು, 15–20 ನಿಮಿಷ ಕಣ್ಮುಚ್ಚಿ. ಇದು ತಾತ್ಕಾಲಿಕ ಪರಿಹಾರ ಅಷ್ಟೇ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು.

7–8 ಗಂಟೆ ಮಲಗಿದ್ರೂ ಹಗಲೆಲ್ಲಾ ಆಕಳಿಸ್ತೀರಾ? ಜೋರಾಗಿ ಗೊರಕೆ ಹೊಡೀತೀರಾ, ಮಧ್ಯೆ ಉಸಿರು ನಿಲ್ಲುತ್ತಾ ಅಂತ ಮನೆಯವರನ್ನ ಕೇಳಿ. ಹೌದು ಅಂದ್ರೆ ಸ್ಲೀಪ್ ಆಪ್ನಿಯಾ ಇರಬಹುದು. ಇದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ.

ಖಿನ್ನತೆ, ಆತಂಕಕ್ಕೆ ಕೊಡೋ ಎಸಿಟಾಲೊಪ್ರಾಮ್, ಫ್ಲುಆಕ್ಸೆಟಿನ್ ತರಹದ ಮಾತ್ರೆಗಳಿಂದಲೂ ಕೆಲವರಿಗೆ ಆಕಳಿಕೆ ಹೆಚ್ಚಾಗುತ್ತೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ್‌ಗೆ ಹೇಳಿ. ಮೈಗ್ರೇನ್ ಇರೋರಿಗೆ ತಲೆನೋವಿಗೆ ಕೆಲವು ಗಂಟೆ ಮುಂಚೆಯೇ ಆಕಳಿಕೆ ಶುರುವಾಗಬಹುದು.

ಆಕಳಿಕೆ ಜೊತೆಗೆ ಎದೆನೋವು, ತಲೆ ಸುತ್ತಿ ಬೀಳೋದು, ಮುಖ ಸೊಟ್ಟಗಾಗೋದು, ಒಂದು ಕಡೆಯ ಕೈಕಾಲು ಸೋಲೋದು, ಮಾತು ತೊದಲೋದು, ಇವುಗಳಲ್ಲಿ ಒಂದಿದ್ರೂ ಹುಡುಕಾಟ ಬಿಟ್ಟು ತಕ್ಷಣ 108ಕ್ಕೆ ಕರೆ ಮಾಡಿ.

ಇಲ್ಲದಿದ್ರೆ ಎರಡು ವಾರ ಮೂರು ವಿಷಯ ಬರೆದಿಡಿ: ಎಷ್ಟು ಹೊತ್ತಿಗೆ ಮಲಗಿ ಎದ್ರಿ, ಆಕಳಿಕೆ ಯಾವಾಗ ಜಾಸ್ತಿ, ಯಾವ ಮಾತ್ರೆ ತಗೊಳ್ತಿದ್ದೀರಿ. ಆಮೇಲೂ ಕಮ್ಮಿಯಾಗದಿದ್ರೆ ಆ ಚೀಟಿ ಹಿಡ್ಕೊಂಡು ಗುಂಡ್ಲುಪೇಟೆಯ ಸರ್ಕಾರಿ ಆಸ್ಪತ್ರೆಗೋ, ಚಾಮರಾಜನಗರದ ಸಿಮ್ಸ್ ಆಸ್ಪತ್ರೆಗೋ ಹೋಗಿ. ಡಾಕ್ಟರ್‌ಗೆ ನಿಮ್ಮ ಗೂಗಲ್ ಪಟ್ಟಿಗಿಂತ ಈ ಚೀಟಿ ಉಪಯೋಗಕ್ಕೆ ಬರುತ್ತೆ.

ನಿಮ್ಮ ಮನೇಲಿ, ಸ್ನೇಹಿತರಲ್ಲಿ ಗಾಡಿ ಓಡಿಸೋರಿದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.